ಟೊಪಿಗಿಯವ ಮೈದುನನೋ, ಆಳೋ

ಹೋದ ಮಳೆಗಾಲದಲ್ಲಿ ಸೊಲ್ಲಾಪುರದಿಂದ ಬರುವಾಗ ನಮ್ಮ ಗಾಡಿ ವಾಡಿಯ ಹೊರಗೆ ಸಿಗ್ನಲ್ ಸಿಗದೆ ನಿಂತುಬಿಟ್ಟಿತು. ಗಾಡಿ ನಿಂತರೆ ನನಗೆ ಚಿಂತೆಗಳು ಚಲಿಸತೊಡಗುತ್ತವೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆನೋ ಇಲ್ಲವೋ, ಎದುರಿನ ಗಾಡಿ ಇದೇ ಹಳಿಯ ಮೇಲೆ ಬಂದರೆ ಏನು ಗತಿ. ಅಷ್ಟರಲ್ಲಿ ಒಂದು ತೆಳು ಮಳೆ ಬಿತ್ತು. ಸುಣ್ಣಗಲ್ಲಿನ ಪುಡಿ ನೆನೆದಾಗ ಏಳುವ ವಾಸನೆ ಕಿಟಕಿಯೊಳಗೆ ಬಂತು. ಅದು ಮಣ್ಣಿನ ವಾಸನೆಯಲ್ಲ, ಸುಣ್ಣ ಬಳಿದ ಗೋಡೆಯದೂ ಅಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಕೂರುವಂಥದು. ಎದುರಿಗಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೋ ನಮ್ಮತ್ತೆ ಹಿಂದೆಯೇ ನಿಂತು, "ಮಾಸ್ತರ ಮಗಳೇ, ಡಬ್ಬಿ ಬಾಗಿಲ ತಗಿ, ಕುದ್ರಿ ಶುರು ಆಗ್ತದ" ಎಂದಂತಾಯಿತು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ನನ್ನನ್ನು ಚಿತ್ತಾಪುರದಿಂದ ಗೂಡ್ಸ್ ಗಾಡಿಯ ಗಾರ್ಡೊಬ್ಬರಿಗೆ ಕೊಟ್ಟು ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಕಳಿಸಿ ವರ್ಷ ತುಂಬುತ್ತ ಬಂದಿತ್ತು. ಎರಡು ಖೋಲಿ, ಹಿಂದೊಂದು ಬಚ್ಚಲು, ಮುಂದೊಂದು ಕಟ್ಟೆ. ಸಿಮೆಂಟಿನ ಧೂಳಿಗೆ ಕಿಟಕಿ ಮುಚ್ಚಬೇಕು, ಸೆಕೆಗೆ ತೆಗೆಯಬೇಕು. ದಿನವೆಲ್ಲ ಇದೇ ಕೆಲಸ. ಹಗಲೂ ರಾತ್ರಿ ಗಾಡಿಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು, ನಾನೊಬ್ಬಳು ಅಲ್ಲಿಯೇ ಇದ್ದೆ. ಗಂಡ ವಾರದಲ್ಲಿ ಐದು ದಿನ ಲೈನಿನ ಮೇಲೆ. ಮನೆಯಲ್ಲಿ ಅತ್ತೆ ಮತ್ತು ನಾನು.

ಮೊದಲ ದೀಪಾವಳಿಗೆ ನಮ್ಮಪ್ಪ ಅಳಿಯನಿಗೆ ಟಿವಿ ಕೊಟ್ಟ. ಅಳಿಯ ಡ್ಯೂಟಿಗೆ ಹೋದ, ಟಿವಿ ನನ್ನ ಕೊರಳಿಗೆ ಬಿತ್ತು. ನಮ್ಮ ಸಾಲಿನಲ್ಲಿ ಅದೊಂದೇ. ಎಳೆದರೆ ಮಡಚಿಕೊಳ್ಳುವ ಕಟ್ಟಿಗೆಯ ಬಾಗಿಲಿನ ಕಪ್ಪು-ಬಿಳುಪು ಪೆಟ್ಟಿಗೆ. ರವಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸಾಲಿನ ಮಂದಿಯೆಲ್ಲ ನಮ್ಮ ಮನೆಯಲ್ಲಿ. ಹೆಂಗಸರು ಒಳಗೆ ಫರಸಿಯ ಮೇಲೆ, ಗಂಡಸರು ಹೊರಗೆ ಕಟ್ಟೆಯ ಮೇಲೆ, ಅವರ ತಲೆಗಳು ಬಾಗಿಲಲ್ಲಿ. ನನಗೆ ಬಚ್ಚಲಿಗೆ ಹೋಗಬೇಕೆಂದರೂ ದಾರಿಯಿರುತ್ತಿರಲಿಲ್ಲ. ಬಾಗಿಲ ಬಳಿ ಕೂರಲು ಅತ್ತೆ ಬಿಡುತ್ತಿರಲಿಲ್ಲ, "ನೀ ಮುಂದ ಕುಂದ್ರು, ಇಂಗ್ಲಿಷ್ ಹೇಳಬೇಕು."

ಏಕೆಂದರೆ ಆ ಹೊತ್ತಿಗೆ ಬರುತ್ತಿದ್ದುದು ಅಮೆರಿಕದ ಧಾರಾವಾಹಿ. ಅದಕ್ಕೆ ಒಂದು ಉದ್ದನೆಯ ಹೆಸರಿತ್ತು. ನಮ್ಮ ಸಾಲಿನಲ್ಲಿ ಅದನ್ನು ಯಾರೂ ಹೇಳಲಿಲ್ಲ, ಎಲ್ಲರಿಗೂ ಅದು 'ಕುದ್ರಿ'. ಕಣ್ಣು ಹಾಯುವಷ್ಟು ಬಯಲು, ನಡುವೆ ಒಂದೇ ಒಂದು ಕಟ್ಟಿಗೆ ಮನೆ. ಅಲ್ಲಿ ಗಂಡ ಸತ್ತ ಒಬ್ಬ ಹೆಂಗಸು, ಅವಳದೊಂದು ಸಣ್ಣ ಮಗಳು, ದನಗಳು, ಬಂದೂಕು. ಜೊತೆಗೆ ದೊಡ್ಡ ಟೊಪಿಗಿಯ ಒಬ್ಬ ಗಂಡಸು. ಬೇಲಿ ಕಟ್ಟುತ್ತಾನೆ, ಕುದುರೆ ತೊಳೆಯುತ್ತಾನೆ, ಕಳ್ಳರು ಬಂದರೆ ಗುಂಡು ಹಾರಿಸುತ್ತಾನೆ. ಎಲ್ಲರೂ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡಂತೆ ಮಾತಾಡುವವರು. ನನ್ನ ಪಿಯುಸಿ ಇಂಗ್ಲಿಷಿಗೆ ಹತ್ತರಲ್ಲಿ ನಾಲ್ಕು ಮಾತು ಸಿಗುತ್ತಿದ್ದವು. ಉಳಿದ ಆರಕ್ಕೆ ಅತ್ತೆ ಇದ್ದರು.

ಮೊದಲ ವಾರವೇ ಪೆಚ್ಚಾಗುವ ಪ್ರಸಂಗ ಬಂತು. ಟೊಪಿಗಿಯವನು ಅವಳ ಮನೆಯೊಳಗೆ ಹೋಗಿ, ಮೇಜಿಗೆ ಕೂತು, ಅವಳು ಬಡಿಸಿದ್ದನ್ನು ಉಂಡ. ಅತ್ತೆ ಕೂಡಲೇ ತೀರ್ಪು ಕೊಟ್ಟರು: "ಅವ ಆಕಿ ಮೈದುನ."

"ಅಲ್ರಿ ಅತ್ತಿ, ಅವ ಆಳು. ಸಂಬಳಕ್ಕಿದ್ದಾನ" ಎಂದೆ. ಇದು ಆ ನಾಲ್ಕು ಮಾತಿನಲ್ಲಿ ಸಿಕ್ಕಿತ್ತು.

"ಆಳು ಅಂಗಳದಾಗ ಉಣ್ತಾನ. ಮೇಜಿಗೆ ಕುಂತು ಉಣ್ತಾನೇನು? ಅದೂ ಗಂಡ ಇಲ್ಲದಾಕಿ ಮನ್ಯಾಗ?"

"ಅವರ ದೇಶದಾಗ ಉಣ್ತಾರ್ರಿ."

"ಯಾವ ದೇಶದಾಗೂ ಉಣ್ಣಂಗಿಲ್ಲ" ಎಂದರು ಅತ್ತೆ. ಸೇಡಂ ದಾಟಿ ಹೋಗಿರದಿದ್ದರೂ ಎಲ್ಲ ದೇಶಗಳ ಮಾತು ಅವರಿಗೆ ಗೊತ್ತಿತ್ತು. ಪಕ್ಕದ ಮನೆಯ ಬಿಸ್ಮಿಲ್ಲಾ ಖಾಲಾ ಕೂಡ, "ದೊಡ್ಡವ್ವ ಹೇಳೋದು ಬರಾಬರ್ ಅದ. ನೋಡು, ಮೂಗು ಒಂದೇ ನಮೂನಿ ಅದ. ಫೋಟೋದಾಗ ಸತ್ತಾವಂದೂ ಹಂಗೇ ಇತ್ತು" ಎಂದರು. ಮೂಗು ಆ ಧಾರಾವಾಹಿಯ ಎಲ್ಲರದೂ ಹಾಗೇ ಇತ್ತು, ಕುದುರೆಗಳನ್ನೂ ಹಿಡಿದು. ನನ್ನ ಮಾತು ಯಾರೂ ಕೇಳಲಿಲ್ಲ. ಕಟ್ಟೆಯ ಮೇಲಿನಿಂದ ಯಾರೋ "ಚಿತ್ತಾಪುರದ ಇಂಗ್ಲಿಷ್ ಅಷ್ಟೇ" ಎಂದು ನಕ್ಕರು. ಆಮೇಲೆ ಪ್ರತಿ ವಾರ ನಾನು "ಆಳು" ಅನ್ನುವುದು, ಮಂದಿ "ಮೈದುನ" ಅನ್ನುವುದು, ನಡುವೆ ಚಹ.

ಇದು ಬರೀ ನಗುವ ಮಾತಾಗಿದ್ದರೆ ನಾನಿಷ್ಟು ನೆನಪಿಡುತ್ತಿರಲಿಲ್ಲ. ಆ ಮಂದಿಯ ನಡುವೆ, ಗೋಡೆಗೆ ಒರಗಿ, ಪರದೆಯ ಅರ್ಧ ಮಾತ್ರ ಕಾಣುವ ಜಾಗದಲ್ಲಿ ಜಗದೇವಿ ಕೂರುತ್ತಿದ್ದಳು. ಮೂರನೇ ಮನೆಯವಳು. ಅವಳ ಗಂಡ ಪಾಯಿಂಟ್ಸ್‌ಮನ್ ಇದ್ದ, ಯುಗಾದಿಯ ಮುಂದೆ ಕಾಮಾಲೆಯಾಗಿ ತೀರಿಕೊಂಡ. ಅವನ ಬದಲಿಗೆ ಮನೆಯ ಒಬ್ಬರಿಗೆ ಇಲಾಖೆ ನೌಕರಿ ಕೊಡುವುದಿತ್ತು. ಜಗದೇವಿ ಏಳನೇ ಇಯತ್ತೆ ಓದಿದ್ದಳು. ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಆಯಾ ಕೆಲಸ ಅವಳಿಗೇ ಸಿಗುವಂತಿತ್ತು. ನೌಕರಿ ಸಿಕ್ಕರೆ ಮನೆಯೂ ಉಳಿಯುತ್ತದೆ, ಮಗಳ ಶಾಲೆಯೂ ಉಳಿಯುತ್ತದೆ.

ಆದರೆ ಚಿಮ್ಮನಚೋಡದಿಂದ ಅವಳ ಮಾವ ರೇವಣಸಿದ್ದಪ್ಪನವರು ಬೇರೆಯೇ ಲೆಕ್ಕ ಇಟ್ಟುಕೊಂಡು ಬರುತ್ತಿದ್ದರು. ನೌಕರಿ ಸಣ್ಣ ಮಗ ಭೀಮಶಾನಿಗೆ ಆಗಲಿ. ಜಗದೇವಿಗೆ ಅವನ ಜೊತೆ ಉಡಿಕಿ ಮಾಡಿಬಿಡೋಣ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ನಾಲ್ಕು ಹಿರಿಯರ ಎದುರು ಇನ್ನೊಬ್ಬನಿಗೆ ಒಪ್ಪಿಸುವುದು ಅವರಲ್ಲಿ ಹಳೆಯ ರೂಢಿ. ತಪ್ಪೇನಿಲ್ಲ, ಎಷ್ಟೋ ಜನರ ಬಾಳು ಅದರಿಂದ ನೆಟ್ಟಗಾಗಿದೆ. ಆದರೆ ಭೀಮಶಾ ಅವಳಿಗಿಂತ ಹತ್ತು ವರ್ಷ ಸಣ್ಣವನು. ಕಾಯ್ದೆಯ ಪ್ರಕಾರ ನೌಕರಿ ಬೇಕೆನ್ನುವ ಹಕ್ಕು ಹೆಂಡತಿಯದೇ. ಆದರೆ ಮಾವನ ಮಾತು ಮೀರಿ ಆಫೀಸಿಗೆ ಹೋದವಳಿಗೆ ಚಿಮ್ಮನಚೋಡದ ಬಾಗಿಲೂ ಮುಚ್ಚುತ್ತದೆ, ತವರಿನದೂ ಮುಚ್ಚುತ್ತದೆ.

ರೇವಣಸಿದ್ದಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬರುವಾಗ ಮೊಮ್ಮಗಳಿಗೆ ಶೇಂಗಾದ ಉಂಡೆ ತರುತ್ತಿದ್ದರು. ಸೊಸೆಯ ಎದುರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಶನಿವಾರ ಬರುವುದು, ರವಿವಾರ ನಮ್ಮ ಕಟ್ಟೆಯ ಮೇಲೆ ಕೂತು ಕುದ್ರಿ ನೋಡುವುದು, ಊಟ ಮಾಡಿ ಸೇಡಂ ಪ್ಯಾಸೆಂಜರ್ ಹಿಡಿಯುವುದು.

ಆ ಸಾಲಿನಲ್ಲಿ ಯಾರೂ ಯಾರಿಗೂ ನೇರ ಬುದ್ಧಿ ಹೇಳುತ್ತಿರಲಿಲ್ಲ. ಗೋಡೆಗಳು ತೆಳುವಿದ್ದವು, ನೀರಿನ ನಲ್ಲಿ ಒಂದೇ ಇತ್ತು. ನೇರ ಮಾತಾಡಿದರೆ ನಾಳೆ ಕೊಡ ಹಿಡಿದು ಎದುರು ನಿಲ್ಲುವುದು ಹೇಗೆ. ಆದ್ದರಿಂದ ಜಗದೇವಿಗೆ ಹೇಳಬೇಕಾದ್ದನ್ನೆಲ್ಲ ಮಂದಿ ಪೆಟ್ಟಿಗೆಯೊಳಗಿನ ಹೆಂಗಸಿಗೆ ಹೇಳತೊಡಗಿದರು.

"ಎಷ್ಟು ದಿನ ಒಬ್ಬಾಕೇ ಇರ್ತಾಳ ಹೇಳ್ರಿ. ಮೈದುನ ಛಲೋ ಹುಡುಗ ಇದ್ದಾನ."

"ಅವ ಬಂದೂಕ ಹಿಡದು ಬಾಗಲಾಗ ನಿಂತ ಅಂದ್ರ ಒಂದು ನಾಯಿ ಸುಳಿಯಂಗಿಲ್ಲ. ಗಂಡಸಿನ ನೆರಳು ಬೇಕವ್ವ."

"ಉಡಿಕಿ ಮಾಡಿಕೊಂಡ್ರ ಆಕಿ ಮಗಳಿಗೂ ಫಾಯ್ದಾ. ಅಣ್ಣನ ಮಗಳು ಅಂದ್ರ ಅವನ ಮಗಳೇ ಅಲ್ಲೇನು."

ಹೊರಗಿನಿಂದ ರೇವಣಸಿದ್ದಪ್ಪ ನಿಧಾನಕ್ಕೆ, "ಬಿಳೀ ಮಂದಿಗೂ ತಿಳದದ ನೋಡ್ರಿ" ಎನ್ನುತ್ತಿದ್ದರು.

ಜಗದೇವಿ ಮಗಳ ತಲೆಯಲ್ಲಿ ಹೇನು ಹುಡುಕುತ್ತ, ಇಲ್ಲದ ಹೇನನ್ನೂ ಹುಡುಕುತ್ತ ಕೂರುತ್ತಿದ್ದಳು. ನಾನು ಮಾತ್ರ "ಅವ ಆಳು, ಅವ ಆಳು" ಎಂದು ಇನ್ನೂ ಜೋರಾಗಿ ಹೇಳುತ್ತಿದ್ದೆ. ಅವನು ಆಳೆಂದು ಒಮ್ಮೆ ಸಾಬೀತಾದರೆ ಇವರ ವಾದವೆಲ್ಲ ಬಿದ್ದುಹೋಗುತ್ತದೆ, ಜಗದೇವಿ ಬಿಡುಗಡೆಯಾಗುತ್ತಾಳೆ ಎಂದು ನನ್ನ ಎಣಿಕೆ. ವಾರವಿಡೀ ಅದೇ ಚಿಂತೆ. ರೊಟ್ಟಿ ಬಡಿಯುವಾಗ ಅಪ್ಪನಿಗೆ ಬರೆದು ಕೇಳಲೇ ಎಂದುಕೊಂಡೆ. ಅಮೆರಿಕದ ಹೊಲಮನೆಯ ಆಳುಕಾಳಿನ ವಿಷಯದಲ್ಲಿ ಚಿತ್ತಾಪುರದ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಏನು ಗೊತ್ತಿರುತ್ತದೆ ಎಂದು ಆಮೇಲೆ ಹೊಳೆಯಿತು.

ಶ್ರಾವಣದ ಮೊದಲ ರವಿವಾರ. ಹೊರಗೆ ಜಿಟಿಜಿಟಿ ಮಳೆ, ಗಂಡಸರೂ ಒಳಗೇ ಒತ್ತಿಕೊಂಡಿದ್ದರು. ಒದ್ದೆ ಅಂಗಿ, ಬೀಡಿ, ಸಿಮೆಂಟು, ಎಣ್ಣೆ ಹಚ್ಚಿದ ಕೂದಲು, ಎಲ್ಲ ಸೇರಿದ ಒಂದು ಗಾಳಿ. ಪರದೆಯ ಮೇಲೆ ಟೊಪಿಗಿಯವನು ಮತ್ತು ಆ ಹೆಂಗಸು ಮನೆಯ ಮುಂದೆ ನಿಂತು ಏನೋ ಮಾತಾಡಿದರು. ಅಷ್ಟರಲ್ಲಿ ಡಬಲ್ ಇಂಜಿನ್ನಿನ ಗೂಡ್ಸ್ ಒಂದು ಕೂಗುತ್ತ ಹಾದುಹೋಯಿತು, ಒಂದು ಮಾತೂ ಕೇಳಿಸಲಿಲ್ಲ. ಗಾಡಿ ದಾಟುವಷ್ಟರಲ್ಲಿ ಅವನು ಟೊಪಿಗಿ ತಲೆಗಿಟ್ಟು, ಕುದುರೆ ಹತ್ತಿ, ಆ ಬಯಲಲ್ಲಿ ಸಣ್ಣವನಾಗುತ್ತ ಹೊರಟುಹೋದ. ಹೆಂಗಸು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ಹೋಗಿ ನೇಗಿಲಿಗೆ ಕುದುರೆ ಹೂಡಿದಳು. ಅಲ್ಲಿಗೆ ಅಂದಿನ ಕಂತು ಮುಗಿಯಿತು.

ನಮ್ಮ ಮನೆಯಲ್ಲಿ ಗದ್ದಲವೆದ್ದಿತು.

"ಬಿಟ್ಟು ಹೋದ ನೋಡು ಹೇಡಿ" ಎಂದರು ಖಾಲಾ.

"ಅಣ್ಣನ ಹೇಣ್ತಿನ್ನ ಹಿಂಗ ಬಯಲಾಗ ಬಿಟ್ಟು ಹೋಗ್ತಾನಂದ್ರ ಅವನೆಂಥ ಮೈದುನ" ಎಂದರು ಅತ್ತೆ. "ಮಾಸ್ತರ ಮಗಳೇ, ಏನಂದ ಅವ? ಯಾಕ ಹೋದ?"

ಗಾಡಿಯ ಸಪ್ಪಳದಲ್ಲಿ ಕೇಳಿಸಲಿಲ್ಲವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಕಡೆಯಿಂದ ಒಂದು ದನಿ ಬಂತು. ಇಷ್ಟು ವಾರಗಳಲ್ಲಿ ಮೊದಲ ಸಲ.

"ಅವ ಬಿಟ್ಟು ಹೋಗಿಲ್ಲ. ಆಕೀನೇ ಕಳಿಸ್ಯಾಳ."

ಎಲ್ಲರೂ ತಿರುಗಿದರು. ಜಗದೇವಿ ಮಗಳ ತಲೆಯಿಂದ ಕಣ್ಣೆತ್ತಲಿಲ್ಲ.

"ಆಕಿ ಯಾಕ ಕಳಿಸ್ತಾಳ?" ಎಂದರು ರೇವಣಸಿದ್ದಪ್ಪ. ಅವರೂ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದರು.

"ಆಕಿ ಮದಿವಿಯಾಗಿ ಬಂದಾಗ ಅವ ಬರೀ ಮೈಲೆ ತಿರಗ್ತಿದ್ದ, ಮಾವ. ಎಣ್ಣಿ ಹಚ್ಚಿ ಎರದಾಳ, ತುತ್ತು ಮಾಡಿ ಉಣ್ಸ್ಯಾಳ. ಜ್ವರ ಬಂದ್ರ ಆಕಿ ತೊಡಿ ಮ್ಯಾಲ ಮಲಗ್ತಿದ್ದ. ಅವನ ಮ್ಯಾಲ ಆಕಿಗೆ ಸಿಟ್ಟಿಲ್ಲ. ಆದ್ರ ಅಂಥಾವನ ಹೆಸರಿಲೆ ಸೀರಿ ಹ್ಯಾಂಗ ಉಡ್ತಾಳ."

ಅದೆಲ್ಲ ಯಾವ ಕಂತಿನಲ್ಲಿ ಬಂದಿತ್ತೆಂದು ಒಬ್ಬರೂ ಕೇಳಲಿಲ್ಲ.

"ಮತ್ತ ಹೊಲ ಯಾರು ಹೊಡೀತಾರ?"

"ಆಕೀನೇ ಹೊಡಿಲಿಕತ್ತಾಳಲ್ಲ. ಈಗ ನೋಡಿದ್ರಿಲ್ಲ ನೀವು."

"ಮಂದಿ ಏನಂತಾರ?"

ಜಗದೇವಿ ಈಗ ಪರದೆಯ ಕಡೆ ನೋಡಿದಳು. ಅಲ್ಲಿ ಯಾವುದೋ ಸಾಬೂನಿನ ಜಾಹೀರಾತು ಬರುತ್ತಿತ್ತು. "ಅಷ್ಟು ದೊಡ್ಡ ಬಯಲಾಗ ಮಂದಿ ಎಲ್ಲಿದ್ದಾರ, ಮಾವ. ಅದೇ ಆಕಿ ಪುಣ್ಯ."

ನಮ್ಮ ಆ ಖೋಲಿಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಖಾಲಾ ಸೆರಗಿನಿಂದ ಮೂಗು ಒರೆಸಿಕೊಂಡರು. ಮಂದಿಯೆಲ್ಲ ಇಷ್ಟು ವಾರ ಸೇರಿ ಕಟ್ಟಿದ ಗೋಡೆಯಲ್ಲಿ ಅವಳೊಂದು ಬಾಗಿಲು ಕಂಡುಕೊಂಡಿದ್ದಳು: ಅವನು ಮೈದುನನೇ ಆದರೆ, ಅಮೆರಿಕದ ಅತ್ತಿಗೆ ಮೈದುನನನ್ನು ಕಳಿಸಿಬಿಟ್ಟಿದ್ದಾಳೆ. ಅತ್ತಿಗೆಯಾದವಳು ಹಾಗೆ ಮಾಡಬಹುದು. ಎಲ್ಲರೂ ನೋಡಿದ್ದಾರೆ.

ಇದು ರೇವಣಸಿದ್ದಪ್ಪನವರಿಗೂ ಹೊಳೆಯಿತು. ಅವರು ಮೆಲ್ಲಗೆ ನನ್ನ ಕಡೆ ತಿರುಗಿದರು.

"ಯವ್ವಾ, ನೀ ಕಲ್ತಾಕಿ. ಮೊದಲಿಂದ ಹೇಳ್ಕೋತ ಬಂದಿ, ಅವ ಮೈದುನ ಅಲ್ಲ, ಆಳು ಅಂತ. ನಾವ್ಯಾರೂ ಕೇಳಲಿಲ್ಲ. ಖರೆ ಹೇಳು. ಆಳು ಅಂದ್ರ ಮಾತು ಬ್ಯಾರೆ. ಆಳಿನ್ನ ಯಾರು ಬೇಕಾದ್ರೂ ಕಳಿಸ್ತಾರ."

ಅಷ್ಟು ವಾರ ನಾನು ಬೇಡಿದ ಮರ್ಯಾದೆ ಒಂದೇ ಸಲಕ್ಕೆ ಬಂದು ತಲೆಯ ಮೇಲೆ ಕೂತಿತು. ನನ್ನ ಸತ್ಯ ಈಗ ಎಲ್ಲರಿಗೂ ಬೇಕಾಗಿತ್ತು. ಹೇಳಿದರೆ ಜಗದೇವಿಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಇಡೀ ಸಾಲಿಗೆ ನಾನು ದಡ್ಡಿ, ಅತ್ತೆಯ ಕೈಯಲ್ಲಿ ಜನ್ಮಪೂರ್ತಿ. ಆ ಮನೆಯಲ್ಲಿ ನನ್ನದು ಅಂತ ಇದ್ದುದು ಆ ಹರಕು ಇಂಗ್ಲಿಷ್ ಒಂದೇ. ಜಗದೇವಿ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಹೆದರಿ ನಿಜ ಹೇಳಿಬಿಡುತ್ತಿದ್ದೆನೋ ಏನೋ.

"ನನಗೇ ತಪ್ಪು ತಿಳದಿತ್ರಿ, ಕಾಕಾ" ಎಂದೆ. "ಇವತ್ತು ಅವರ ಮಾತು ಸಾಫ್ ಕೇಳಿಸ್ತು. ವೈನಿ ಅಂತನೇ ಕರದ. ಅವ ಮೈದುನನೇ."

"ನಾ ಮೊದಲನೇ ದಿನಾನೇ ಹೇಳಿಲ್ಲೇನು" ಎಂದು ಅತ್ತೆ ತೊಡೆ ತಟ್ಟಿಕೊಂಡರು. "ಮೇಜಿಗೆ ಕುಂತು ಉಂಡಾಗಲೇ ಹೇಳೀನಿ."

ರೇವಣಸಿದ್ದಪ್ಪ ಚಹ ಕುಡಿದು ಬಟ್ಟಲು ಕೆಳಗಿಟ್ಟರು. "ಮುಂದಿನ ರವಿವಾರ ಬರ್ತೀನಿ. ಸೋಮವಾರ ಆಫೀಸಿಗೆ ಹೋಗಿ ಒಂದು ಹೆಸರು ಹೇಳಬೇಕು" ಎಂದರು. ಯಾರ ಹೆಸರೆಂದು ಹೇಳಲಿಲ್ಲ.

ಆ ವಾರ ನಾನು ನಿದ್ದೆ ಮಾಡಿದ್ದು ಕಡಿಮೆ. ಮುಂದಿನ ಕಂತಿನಲ್ಲಿ ಅವನು ತಿರುಗಿ ಬಂದರೆ? ಕೈಯೊಡ್ಡಿ ಪಗಾರ ಇಸಿದುಕೊಂಡರೆ? ಆಗ ಇಂಗ್ಲಿಷ್ ಬೇಕಾಗಿಲ್ಲ, ಕುರುಡರಿಗೂ ಆಳೆಂದು ಗೊತ್ತಾಗುತ್ತದೆ. ಅದಕ್ಕಿಂತ ಕೆಡುಕು, ಅವಳನ್ನು ಮದುವೆಯೇ ಆಗಿಬಿಟ್ಟರೆ? ಕರೆಂಟ್ ಹೋಗಲೆಂದು ಹರಕೆ ಹೊತ್ತೆ. ಬೇಡವೆಂದಾಗ ಹೋಗುವ ಕರೆಂಟು ಆ ರವಿವಾರ ಗಟ್ಟಿಯಾಗಿ ಕೂತಿತ್ತು. ಮಂದಿ ಬರುವ ಮುಂಚೆ, ಒಣಗಲು ಹಾಕಿದ ಸಂಡಿಗೆ ತೆಗೆಯುವ ನೆವದಲ್ಲಿ ನಿಚ್ಚಣಿಕೆ ಇಟ್ಟು ಮಾಳಿಗೆ ಹತ್ತಿದೆ. ಮಳೆಗಾಲದಲ್ಲಿ ಯಾರು ಸಂಡಿಗೆ ಒಣಹಾಕುತ್ತಾರೆಂದು ಅತ್ತೆ ಕೇಳಲಿಲ್ಲ, ನನ್ನ ಭಾಗ್ಯ. ಗುಲಬರ್ಗಾದ ಕಡೆ ಮುಖ ಮಾಡಿದ್ದ ಆಂಟೆನಾವನ್ನು ಕೊಳವೆ ಹಿಡಿದು ತಿರುಗಿಸಿ ಚಿತ್ತಾಪುರದ ಕಡೆಗಿಟ್ಟು ಇಳಿದೆ.

ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಬರೀ ಇರುವೆ ಹರಿದಾಡುತ್ತಿದ್ದವು.

"ಗಾಳಿಗೆ ತಿರಗ್ಯದ. ಹತ್ತು ಮ್ಯಾಲ" ಎಂದರು ಅತ್ತೆ. ಮತ್ತೆ ನಾನೇ ಹತ್ತಿದೆ. ಕೆಳಗಿನಿಂದ ಎಲ್ಲರೂ ದಿಕ್ಕು ಹೇಳತೊಡಗಿದರು. ನಾನು ಒಂದಿಷ್ಟು ಗುಲಬರ್ಗಾದ ಕಡೆಗೆ ತಿರುಗಿಸುವುದು, ಮತ್ತೊಂದಿಷ್ಟು ಹಿಂದಕ್ಕೆ.

"ಬಂತೇನ್ರೀ?"

"ಇಲ್ಲ, ಇಲ್ಲ. ಹಾ, ಒಂದು ಟೊಪಿಗಿ ಕಂಡಂಗಾತು."

ಆಗ ಅಂಗಳದ ನಡುವೆ, ತಲೆಯ ಮೇಲೆ ಮೊರ ಹಿಡಿದು ಜಗದೇವಿ ಬಂದು ನಿಂತಳು. ಮುಖ ಮೇಲೆತ್ತಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜೋರಾಗಿ ಹೇಳಿದಳು:

"ಇನ್ನಾ ಜರಾ ಆ ಕಡೆ ತಿರುವು, ತಂಗಿ. ನಿನ್ನ ತವರಿನ ಕಡೆ."

ತಿರುವಿದೆ.

"ಪೂರಾ ಹೋತು" ಎಂದು ಒಳಗಿನಿಂದ ಖಾಲಾ ಕೂಗಿದರು.

ಮಳೆ ಜೋರಾಯಿತು. ಮಂದಿ ಆಸೆ ಬಿಟ್ಟರು, ಆದರೆ ಎದ್ದು ಹೋಗಲಿಲ್ಲ. ಆ ಹೊತ್ತಿಗೆ ಕೂತು ರೂಢಿಯಾಗಿಬಿಟ್ಟಿತ್ತು. ಚಿತ್ರವಿಲ್ಲದೆಯೇ ಮಾತು ಶುರುವಾಯಿತು. ಮಾಳಿಗೆಯ ಮೇಲೆ ಕೂತ ನನಗೆ ಬೆಳಕಿಂಡಿಯಿಂದ ಎಲ್ಲ ಕೇಳಿಸುತ್ತಿತ್ತು.

"ಇವತ್ತು ಏನಾಗಿರ್ತದೋ. ಅವ ತಿರುಗಿ ಬಂದಾನೋ ಇಲ್ಲೋ" ಎಂದರು ಅತ್ತೆ.

ನಾನು ಕೊಳವೆಯನ್ನು ಗಟ್ಟಿ ಹಿಡಿದೆ. ಆಮೇಲೆ ಕೇಳಿಸಿದ್ದು ರೇವಣಸಿದ್ದಪ್ಪನವರ ದನಿ, ಅದೇ ನಿಧಾನದ ದನಿ.

"ಇಲ್ಲಕ್ಕ, ಬರಂಗಿಲ್ಲ. ತಮ್ಮೂರಿಗೆ ಹೋಗಿರ್ತಾನ. ಅವನಿಗೂ ವಯಸ್ಸಿಗೆ ತಕ್ಕ ಹೆಣ್ಣು ನೋಡಬೇಕಲ್ಲ. ಅವರಪ್ಪ ನೋಡ್ತಾನ."

"ಮತ್ತ ಆಕಿ?"

"ಆಕಿದು ಆಕಿ ನೋಡ್ಕೋತಾಳ. ಹೊಲ ಹೂಡೋದು ನಾವು ನೋಡೀವಲ್ಲ." ಒಂದು ಗಳಿಗೆ ಬಿಟ್ಟು, "ಬ್ಯಾಸಗಿಗೆ ಕೂಸಿನ್ನ ಮಾತ್ರ ಮುದುಕನ ಕಡೆ ಕಳಿಸ್ಲಿ" ಎಂದರು.

ಮರುದಿನ ಮಾವ ಸೊಸೆ ಇಬ್ಬರೂ ಆಫೀಸಿಗೆ ಹೋದರು, ಹೆಸರು ಅವಳದೇ ಹೇಳಿದರು. ನನ್ನ ಇಂಗ್ಲಿಷಿಗೆ ಆ ಸಾಲಿನಲ್ಲಿ ಮತ್ತೆಂದೂ ಬೆಲೆ ಬರಲಿಲ್ಲ. ಔಷಧಿಯ ಬಾಟಲಿಯ ಚೀಟಿ ಓದಿಸಲೂ ಅತ್ತೆ ಬೇರೆ ಮನೆಗೆ ಹೋಗುತ್ತಿದ್ದರು. ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಾನಿನ್ನೂ ಮಾಳಿಗೆಯ ಮೇಲೆಯೇ ಇದ್ದೆ. ನಿಚ್ಚಣಿಕೆಯ ಕಾಲು ಕೆಸರಿನಲ್ಲಿ ಜಾರುತ್ತಿತ್ತು, ಹಿಡಿಯಬೇಕಾದವರೆಲ್ಲ ಒಳಗೆ ಬೆಚ್ಚಗೆ ಕೂತು ಅಮೆರಿಕದ ಚಿಂತೆ ಮಾಡುತ್ತಿದ್ದರು. ಸುತ್ತ ಮಳೆ, ಬೂದು ಮಾಳಿಗೆಗಳು, ಸಿಗ್ನಲ್ ಕಾಯುತ್ತ ನಿಂತ ಒಂದು ಗಾಡಿ. ಸಿಡಿಲು ಬಡಿದರೆ ಈ ಕೊಳವೆಗೇ ಬಡಿಯುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಇಳಿಯಲೂ ಆಗದು, ಇರಲೂ ಆಗದು.

ಕೆಳಗೆ ಮೊರ ಬಿದ್ದ ಸಪ್ಪಳವಾಯಿತು. ಬಗ್ಗಿ ನೋಡಿದರೆ ಜಗದೇವಿ ಸೀರೆ ಮೇಲೆ ಕಟ್ಟಿ, ಎರಡೂ ಕೈಯಿಂದ ನಿಚ್ಚಣಿಕೆಯನ್ನು ಗೋಡೆಗೆ ಒತ್ತಿ ನಿಂತಿದ್ದಳು. ಮುಖದ ಮೇಲೆಲ್ಲ ನೀರು.

"ಇಳಿ ತಂಗಿ" ಎಂದಳು. "ನಾ ಹಿಡದೀನಿ."